ಗೀಸರ್ ಕೆಟ್ಟಿದೆಯೇ? ದುರಸ್ತಿ ಯಾವಾಗ, ಬದಲಾವಣೆ ಯಾವಾಗ?

ಚಳಿಗಾಲದಲ್ಲಿ ಫಜ್ರ್ ನಮಾಝಿಗೆ ಎದ್ದವರ ಕೈ ಮೊದಲು ಹೋಗುವುದು ಗೀಸರಿನ ಸ್ವಿಚ್ಚಿಗೆ. ವುಝೂ, ಗುಸ್ಲ್, ಮಕ್ಕಳ ಸ್ನಾನ ಎಲ್ಲಕ್ಕೂ ಈಗ ಅದೇ ಆಸರೆ. ಹಿಂದೆ ಬಚ್ಚಲು ಮನೆಯ ಹಂಡೆ ತೂತಾದರೆ ಕಣ್ಣಿಗೆ ಕಾಣುತ್ತಿತ್ತು, ಒಲೆ ಹೊಗೆಯಾಡಿದರೆ ಮೂಗಿಗೆ ತಿಳಿಯುತ್ತಿತ್ತು. ಗೀಸರಿನ ದೋಷ ಹಾಗಲ್ಲ. ವಿದ್ಯುತ್ ಸೋರಿದರೆ ಕಾಣುವುದಿಲ್ಲ, ಗ್ಯಾಸ್ ಗೀಸರಿನ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಆದ್ದರಿಂದ ಗೀಸರ್ ಕೆಟ್ಟಾಗ 'ಎಷ್ಟು ಖರ್ಚಾಗುತ್ತದೆ?' ಎಂಬುದು ಎರಡನೆಯ ಪ್ರಶ್ನೆ. 'ಕೆಟ್ಟಿರುವುದು ಯಾವ ಭಾಗ?' ಎಂಬುದು ಮೊದಲನೆಯದು.

ಯುನಾನಿ ವೈದ್ಯಪದ್ಧತಿಯಲ್ಲಿ ಸ್ನಾನಕ್ಕೆ ದೊಡ್ಡ ಸ್ಥಾನವಿದೆ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಹಮ್ಮಾಮಿನ ಲಾಭ, ಹಾನಿ ಎರಡನ್ನೂ ಚರ್ಚಿಸಿದ್ದಾರೆ. ಹದವಾದ ಬಿಸಿನೀರು ದೇಹಕ್ಕೆ ಹಿತ. ಆದರೆ ಆ ನೀರು ಬರುವ ಯಂತ್ರವೇ ರೋಗಿಯಾಗಿದ್ದರೆ ಹಿತದ ಬದಲು ಆಪತ್ತು ಬರುತ್ತದೆ.

ದುರಸ್ತಿಯಿಂದ ಸರಿಹೋಗುವ ದೋಷಗಳು

ಸ್ವಿಚ್ ಹಾಕಿದರೂ ನೀರು ಬಿಸಿಯಾಗುತ್ತಿಲ್ಲವೆಂದರೆ ಸಾಮಾನ್ಯವಾಗಿ ಹೀಟಿಂಗ್ ಕಾಯಿಲ್, ಥರ್ಮೋಸ್ಟಾಟ್ ಅಥವಾ ಕಟೌಟ್ ಕೆಟ್ಟಿರುತ್ತದೆ. ನೀರು ಬಿಸಿಯಾಗಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತಿದೆ, ಒಳಗಿನಿಂದ ಗೊರಗೊರ ಸದ್ದು ಬರುತ್ತಿದೆ ಎಂದರೆ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿರಬಹುದು. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಇದು ಹೆಚ್ಚು. ಇವೆಲ್ಲ ಬಿಡಿಭಾಗ ಬದಲಿಸಿದರೆ ಅಥವಾ ಸ್ವಚ್ಛಗೊಳಿಸಿದರೆ ಸರಿಹೋಗುತ್ತವೆ. ಇಷ್ಟಕ್ಕಾಗಿ ಗಟ್ಟಿ ಗೀಸರನ್ನು ಗುಜರಿಗೆ ಹಾಕುವುದು ಇಸ್ರಾಫ್, ದುಂದುವೆಚ್ಚ.

ಟ್ಯಾಂಕಿನೊಳಗೆ ಆನೋಡ್ ರಾಡ್ ಎಂಬ ಕಡ್ಡಿಯೂ ಇರುತ್ತದೆ. ಹೆಚ್ಚಾಗಿ ಇದು ಮೆಗ್ನೀಸಿಯಂನದು. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆದುಹೋಗುವುದು ಅದರ ಕೆಲಸ. ಅದು ಪೂರ್ತಿ ಸವೆದ ಮೇಲೆ ತುಕ್ಕು ಟ್ಯಾಂಕಿಗೇ ಹಿಡಿಯುತ್ತದೆ. ಸರ್ವಿಸ್‌ಗೆ ಬಂದವರಲ್ಲಿ 'ಆನೋಡ್ ನೋಡಿದಿರಾ?' ಎಂದು ಕೇಳಿ. ಸಕಾಲದಲ್ಲಿ ಅದನ್ನು ಬದಲಿಸಿದರೆ ಗೀಸರಿನ ಆಯುಸ್ಸು ಹೆಚ್ಚುತ್ತದೆ.

ಸೇಫ್ಟಿ ವಾಲ್ವಿನಿಂದ ಕೆಲವು ಹನಿ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. ನೀರು ಕಾದಾಗ ಹಿಗ್ಗುತ್ತದೆ, ಹೆಚ್ಚಿನ ಒತ್ತಡ ಅಲ್ಲಿಂದ ಹೊರಹೋಗುತ್ತದೆ. ಸದಾ ಧಾರೆಯಾಗಿ ಸುರಿದರೆ ವಾಲ್ವ್ ಬದಲಿಸಿ. ಆದರೆ ಯಾವ ಕಾರಣಕ್ಕೂ ಆ ಬಾಯಿಯನ್ನು ಮುಚ್ಚಿಸಬೇಡಿ. ಒತ್ತಡ ಹೋಗಲು ದಾರಿಯಿಲ್ಲದೆ ಥರ್ಮೋಸ್ಟಾಟ್ ಕೂಡ ಕೈಕೊಟ್ಟರೆ ಟ್ಯಾಂಕ್ ಸ್ಫೋಟಿಸಬಹುದು.

ಬದಲಿಸಲೇಬೇಕಾದ ದೋಷಗಳು

ಟ್ಯಾಂಕ್ ತೂತಾಗಿ ಗೀಸರಿನ ಒಳಗಿನಿಂದಲೇ ನೀರು ಸೋರುತ್ತಿದ್ದರೆ ಅದಕ್ಕೆ ಮದ್ದಿಲ್ಲ. ಬೆಸುಗೆ, ಅಂಟು ಹೆಚ್ಚು ದಿನ ನಿಲ್ಲುವುದಿಲ್ಲ. ಸೋರಿದ ನೀರು ತಂತಿಗಳಿಗೆ ತಗಲುವ ಅಪಾಯ ಬೇರೆ. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಕೆಂಪು ನೀರು ಬಂದರೆ ಟ್ಯಾಂಕಿನೊಳಗೆ ತುಕ್ಕು ಹಿಡಿದಿದೆ ಎಂದೇ ಅನುಮಾನಿಸಬೇಕು. ಹೊಸದು ಕೊಳ್ಳುವ ಮುಂಚೆ ವಾರಂಟಿ ಕಾರ್ಡ್ ಹುಡುಕಿ. ಹಲವು ಕಂಪನಿಗಳು ಟ್ಯಾಂಕಿಗೆ ಬೇರೆಯಾಗಿ, ಹೆಚ್ಚು ವರ್ಷಗಳ ವಾರಂಟಿ ಕೊಟ್ಟಿರುತ್ತವೆ.

ದುರಸ್ತಿಯಾಗುವ ದೋಷವಾದರೂ ಗೀಸರ್ ಹತ್ತು ವರ್ಷ ಹಳೆಯದಾಗಿ, ಖರ್ಚು ಹೊಸದರ ಬೆಲೆಯ ಅರ್ಧ ದಾಟುವುದಾದರೆ ಹೊಸದೇ ಲೇಸು. ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಸ್ಟಾರ್‌ಗಳನ್ನು ನೋಡಿ. ಸ್ಟಾರ್ ಹೆಚ್ಚಿದ್ದಷ್ಟೂ ಕಾದ ನೀರು ನಿಧಾನವಾಗಿ ತಣಿಯುತ್ತದೆ. 25 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು ಒಂದು ಯೂನಿಟ್ ವಿದ್ಯುತ್ ಬೇಕು. 2 ಕಿಲೋವ್ಯಾಟ್‌ನ ಗೀಸರಿಗೆ ಅದು ಅರ್ಧ ಗಂಟೆಯ ಕೆಲಸ. ಇಡೀ ರಾತ್ರಿ ಸ್ವಿಚ್ ಹಾಕಿಡುವ ಅಗತ್ಯವಿಲ್ಲ.

ನಲ್ಲಿ ಮುಟ್ಟಿದಾಗ ಜುಮ್ಮೆಂದರೆ

ನಲ್ಲಿಯಲ್ಲಾಗಲಿ ನೀರಿನಲ್ಲಾಗಲಿ ಸಣ್ಣ ಶಾಕ್ ಹೊಡೆದರೂ ಕೂಡಲೇ ಗೀಸರಿನ ಎಂಸಿಬಿ ಇಳಿಸಿ. ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಅದನ್ನು ಬಳಸಬೇಡಿ. ಕಾಯಿಲ್ ಒಡೆದಿರಬಹುದು, ಅರ್ಥಿಂಗ್ ಕಡಿದಿರಬಹುದು. ಒದ್ದೆ ಚರ್ಮದ ಮೂಲಕ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಕಾಯಿಲ್ ಬದಲಿಸಿದರಷ್ಟೇ ಸಾಲದು, ಅರ್ಥಿಂಗನ್ನೂ ಪರೀಕ್ಷಿಸಿಸಿ. ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿಕೊಳ್ಳಿ. ವಿದ್ಯುತ್ ಸೋರಿದ ಕ್ಷಣದಲ್ಲೇ ಅದು ಸರಬರಾಜನ್ನು ಕಡಿದುಹಾಕುತ್ತದೆ. ಗೀಸರ್ ದುರಸ್ತಿಗೆ ಹೋದ ದಿನ ನೀರು ಕಾಯಿಸುವ ರಾಡ್ ಬಳಸುವವರು, ಪ್ಲಗ್ ಕಿತ್ತ ನಂತರವೇ ನೀರಿಗೆ ಕೈ ಹಾಕಬೇಕು.

ಗ್ಯಾಸ್ ಗೀಸರ್: ಇಲ್ಲಿ ರಿಯಾಯಿತಿ ಇಲ್ಲ

ಮುಚ್ಚಿದ ಸ್ನಾನದ ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿಯುವಾಗ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಉಂಟಾಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೊಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲುಗಳಲ್ಲಿ ಶಕ್ತಿಯಿಲ್ಲದಂತಾಗುವುದು ಇದರ ಲಕ್ಷಣ. ಸ್ನಾನದ ನಂತರವಷ್ಟೇ ಬರುವ ತಲೆನೋವನ್ನು ಪಿತ್ತವೆಂದೋ ಸುಸ್ತೆಂದೋ ತಳ್ಳಿಹಾಕಬೇಡಿ. ಗುಸ್ಲ್‌ಗಾಗಿ ಬಾಗಿಲು ಹಾಕಿಕೊಂಡು ಹೆಚ್ಚು ಹೊತ್ತು ಒಳಗಿರುವ ಹೆಣ್ಣುಮಕ್ಕಳಿಗೆ ಅಪಾಯ ಹೆಚ್ಚು.

ಜ್ವಾಲೆ ನೀಲಿಯ ಬದಲು ಹಳದಿಯಾಗಿದ್ದರೆ ಬರ್ನರ್ ಸರಿಯಾಗಿ ಉರಿಯುತ್ತಿಲ್ಲ, ಬಳಕೆ ನಿಲ್ಲಿಸಿ. ಆದರೆ ಗೀಸರ್ ಸ್ನಾನದ ಕೋಣೆಯೊಳಗೇ ಇದ್ದರೆ ಬರ್ನರ್ ದುರಸ್ತಿ ಮಾಡಿಸಿ ಪ್ರಯೋಜನವಿಲ್ಲ. ಅದನ್ನು ಗಾಳಿಯಾಡುವ ಹೊರಗಿನ ಜಾಗಕ್ಕೆ ಸ್ಥಳಾಂತರಿಸಿ, ಇಲ್ಲವೇ ವಿದ್ಯುತ್ ಅಥವಾ ಸೋಲಾರ್‌ಗೆ ಬದಲಾಗಿ. ಯಾರಾದರೂ ಒಳಗೆ ಕುಸಿದರೆ ಬಾಗಿಲು ಒಡೆದು ಬಯಲಿಗೆ ತನ್ನಿ, 108ಕ್ಕೆ ಕರೆ ಮಾಡಿ. ಅವರಿಗೆ ಬೇಕಾದುದು ಆಸ್ಪತ್ರೆಯ ಆಮ್ಲಜನಕ. ನಾನೂ ಸೇರಿದಂತೆ ಯಾವ ಹಕೀಮರ ಬಳಿಯೂ ಸಮಯ ಕಳೆಯಬೇಡಿ.

ಸಕ್ಕರೆ ಕಾಯಿಲೆ ಇರುವವರಿಗೆ

ಥರ್ಮೋಸ್ಟಾಟ್ ಕೆಟ್ಟು ನೀರು ವಿಪರೀತ ಕಾಯುವುದನ್ನು ಹಲವರು 'ಒಳ್ಳೆಯ ಬಿಸಿ ಬರುತ್ತದೆ' ಎಂದು ಸಹಿಸಿಕೊಳ್ಳುತ್ತಾರೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡಬಲ್ಲದು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ವುಝೂ ಮಾಡುವಾಗ ಕಾಲು ಸುಟ್ಟರೂ ತಿಳಿಯದು, ಬೊಬ್ಬೆ ಎದ್ದಾಗಲೇ ಗೊತ್ತಾಗುವುದು. ಆ ಗಾಯ ಬೇಗ ಮಾಯುವುದಿಲ್ಲ, ಕೆಲವೊಮ್ಮೆ ಬೆರಳನ್ನೇ ಕಳೆದುಕೊಳ್ಳಬೇಕಾಗುತ್ತದೆ. ಇಂಥವರು ಮೊದಲು ತಣ್ಣೀರು ಬಿಟ್ಟು ನಂತರ ಬಿಸಿನೀರು ಬೆರೆಸಲಿ. ನೀರಿನ ಹದವನ್ನು ಮೊಣಕೈಯಿಂದ ನೋಡಲಿ, ಅಥವಾ ಮನೆಯವರಿಂದ ನೋಡಿಸಲಿ.

ಯಾರ ಹೊಣೆ?

ಬಾಡಿಗೆ ಮನೆಗಳಲ್ಲಿ ಮಾಲೀಕರು ಬಾಡಿಗೆದಾರರ ಮೇಲೆ, ಬಾಡಿಗೆದಾರರು ಮಾಲೀಕರ ಮೇಲೆ ಹೊಣೆ ಹಾಕುವ ನಡುವೆ ಕೆಟ್ಟ ಗೀಸರ್ ಉರಿಯುತ್ತಲೇ ಇರುತ್ತದೆ. ಮನೆ ಕೊಡುವಾಗಲೇ ಇದನ್ನು ಮಾತಾಡಿ ಬರೆದಿಟ್ಟುಕೊಳ್ಳಿ. ಮಸೀದಿಯ ವುಝೂ ಸ್ಥಳದ ಗೀಸರನ್ನು ದಿನವೂ ಹತ್ತಾರು ಮಂದಿ ಮುಟ್ಟುತ್ತಾರೆ, ಅವರಲ್ಲಿ ವೃದ್ಧರೇ ಹೆಚ್ಚು. ಜಮಾಅತ್ ಕಮಿಟಿಯವರು ಚಳಿಗಾಲಕ್ಕೆ ಮುನ್ನ ಒಮ್ಮೆ ಅದರ ಅರ್ಥಿಂಗ್, ಥರ್ಮೋಸ್ಟಾಟ್, ವಾಲ್ವ್ ಮೂರನ್ನೂ ಪರೀಕ್ಷಿಸಿಸಲಿ.

ನಮ್ಮ ಧರ್ಮ ದುಂದುವೆಚ್ಚವನ್ನೂ ತಡೆಯುತ್ತದೆ, ಜೀವವನ್ನು ಅಪಾಯಕ್ಕೆ ಒಡ್ಡುವುದನ್ನೂ ತಡೆಯುತ್ತದೆ. ಬಿಡಿಭಾಗ ಕೆಟ್ಟಿದ್ದರೆ ದುರಸ್ತಿ ಮಾಡಿಸಿ, ಟ್ಯಾಂಕ್ ಕೆಟ್ಟಿದ್ದರೆ ಬದಲಿಸಿ, ಶಾಕ್ ಅಥವಾ ವಿಷಾನಿಲದ ಸಂಶಯವಿದ್ದರೆ ಇಂದೇ ಬಂದ್ ಮಾಡಿ. ಅಲ್ಲಾಹನು ನಮ್ಮೆಲ್ಲರ ಮನೆಗಳನ್ನು ಕಾಪಾಡಲಿ, ಆಮೀನ್.