ಒಂದು ಜಿಗಿತದ ಲೆಕ್ಕ
ಮುನವಳ್ಳಿಯ ನಮ್ಮ ಮನೆ ಕಟ್ಟೆಯ ಮೇಲೆ ಕುಳಿತು ಒಂದೇ ಜಿಗಿತವನ್ನು ಹತ್ತಾರು ಸಲ ನೋಡುತ್ತೇನೆ. ಆಟ 1992ರ ‘ಮಾರ್ಟಲ್ ಕಾಂಬ್ಯಾಟ್’. ಲ್ಯಾಪ್‌ಟಾಪಿನಲ್ಲಿ ಒಂದು ಕಡೆ ನಾಣ್ಯ ಹಾಕಿ ಆಡುವ ಮೂಲ ಯಂತ್ರದ ವಿಡಿಯೊ, ಪಕ್ಕದಲ್ಲಿ ಅದನ್ನೇ ಅನುಕರಿಸುವ ಎಮ್ಯುಲೇಟರ್. ಮೂಲ ಯಂತ್ರ ಸೆಕೆಂಡಿಗೆ ಸುಮಾರು 54.7 ಚಿತ್ರ ಮೂಡಿಸುತ್ತಿತ್ತು. ಇಂದಿನ ಪರದೆಗೆ ಹೊಂದಲೆಂದು 60ಕ್ಕೆ ಏರಿಸಿದರೆ ಆಟದ ವೇಗ ಶೇಕಡಾ 10ರಷ್ಟು ಹೆಚ್ಚುತ್ತದೆ. ಏಟು ತಪ್ಪಿಸಿಕೊಳ್ಳುವ ಆ ಕ್ಷಣವೇ ಕಿರಿದಾಗುತ್ತದೆ. ಅದಕ್ಕೇ ಕಾಲು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗಿನ ಹೊತ್ತನ್ನು ಎರಡರಲ್ಲೂ ಅಳೆಯುತ್ತೇನೆ. ಸೆಕೆಂಡಿಗೆ 30 ಚಿತ್ರ ಹಿಡಿಯುವ ವಿಡಿಯೊ ಸಾಲದು, ಅರ್ಧದಷ್ಟು ಸಾಕ್ಷಿ ಅಲ್ಲೇ ಜಾರಿರುತ್ತದೆ, 240ರದ್ದಾದರೆ ನೆಚ್ಚಬಹುದು. ಹಳೆಯ ಯಂತ್ರಗಳ ಪರದೆಗಳು ಒಂದೊಂದಾಗಿ ಆರುತ್ತಿವೆ. ಬೆಳಗುತ್ತಿರುವುದು ಎಲ್ಲಾದರೂ ಕಂಡರೆ ಮೊಬೈಲ್ ಅಲುಗದಂತೆ ಹಿಡಿದು ಚಿತ್ರೀಕರಿಸಿ, ಸದ್ದಿನ ಸಮೇತ.