ತೋಟದ ವಾಹನಕ್ಕೆ ಜ್ಯಾಕು ಕೊಡುವ ಕ್ರಮ

ಜೀಪು, ಪಿಕಪ್, ಹಳೆಯ ಓಮ್ನಿ ಅಥವಾ ಒಂದು ಸಣ್ಣ ಕಾರು, ಇವುಗಳಲ್ಲಿ ಯಾವುದಾದರೂ ಒಂದು ಇಲ್ಲದ ಬೆಳೆಗಾರರ ಮನೆ ಈಗ ವಿರಳ. ಗೊಬ್ಬರ, ಚೆರ್ರಿ ಚೀಲ, ಅಡಕೆ ಗೊನೆ, ಬೋರ್ಡೋ ದ್ರಾವಣದ ಡ್ರಮ್ಮು, ಕೆಲಸದವರು, ಎಲ್ಲವೂ ಅದರಲ್ಲೇ ಸಾಗಬೇಕು. ತೋಟದ ರಸ್ತೆಯೋ ಏರು ಇಳಿವಿನ ಕಲ್ಲುಮಣ್ಣಿನದು. ಆದ್ದರಿಂದ ಪಂಕ್ಚರ್ ಆಗುವುದೂ ಚಕ್ರ ಬದಲಿಸುವುದೂ ನಮ್ಮಲ್ಲಿ ದಿನನಿತ್ಯದ ಮಾತು. ಹೀಗೆ ಸಾಮಾನ್ಯವಾದ ಕೆಲಸವೆಂಬ ಕಾರಣಕ್ಕೇ ಅದನ್ನು ಯಾರೂ ಯಾರಿಗೂ ಕ್ರಮವಾಗಿ ಹೇಳಿಕೊಡುವುದಿಲ್ಲ. ನೋಡಿ ಕಲಿತವರೇ ಹೆಚ್ಚು. ನೋಡಿದ್ದರಲ್ಲಿ ತಪ್ಪಿದ್ದರೆ ಆ ತಪ್ಪನ್ನೇ ಕಲಿತಿರುತ್ತಾರೆ. ಈ ವಿಷಯವನ್ನು ಸದಸ್ಯರ ಮುಂದಿಡಲು ಇದೇ ಕಾರಣ.

ಮೊದಲು ತಿಳಿಯಬೇಕಾದ ಮಾತು ಒಂದೇ. ಜ್ಯಾಕು ಭಾರವನ್ನು ಎತ್ತುವ ಸಾಧನ, ಹೊತ್ತು ನಿಲ್ಲುವ ಸಾಧನವಲ್ಲ. ಜ್ಯಾಕಿನ ಮೇಲೆ ಮಾತ್ರ ನಿಂತಿರುವ ವಾಹನದ ಕೆಳಗೆ ತಲೆಯಿರಲಿ, ಕೈಯನ್ನೂ ಹಾಕಕೂಡದು. ಸಣ್ಣ ಕಾರೊಂದರ ಖಾಲಿ ತೂಕವೇ 700ರಿಂದ 800 ಕಿಲೋ. ಭಾರ ಹೇರಿದ ಪಿಕಪ್ಪಿನದು 2 ಟನ್ನಿಗೂ ಮೇಲೆ. ಜ್ಯಾಕು ಜಾರಲು ಒಂದು ಕ್ಷಣ ಸಾಕು; ಕೆಳಗಿದ್ದವನಿಗೆ ಹೊರಬರುವಷ್ಟು ಸಮಯ ಸಿಗುವುದಿಲ್ಲ.

ನೆಲದ ವಿಚಾರ

ಜ್ಯಾಕು ಜಾರುವುದಕ್ಕೆ ಮುಖ್ಯ ಕಾರಣ ಅದರ ಕೆಳಗಿನ ನೆಲ. ಒಂದು ಸಣ್ಣ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಜ್ಯಾಕಿನ ತಳ 4 ಅಂಗುಲ ಉದ್ದ, 3 ಅಂಗುಲ ಅಗಲವಿದೆ ಎಂದಿಟ್ಟುಕೊಳ್ಳೋಣ. ವಿಸ್ತೀರ್ಣ 12 ಚದರ ಅಂಗುಲ. ಅದರ ಮೇಲೆ 400 ಕಿಲೋ ಭಾರ ಬಿದ್ದರೆ ಪ್ರತಿ ಚದರ ಅಂಗುಲಕ್ಕೆ ಸುಮಾರು 33 ಕಿಲೋ ಒತ್ತಡ. ಟಯರಿನಲ್ಲಿ ನಾವು ತುಂಬಿಸುವ ಗಾಳಿ 30 ಪೌಂಡು. ಎಂದರೆ ಪ್ರತಿ ಚದರ ಅಂಗುಲಕ್ಕೆ 13.5 ಕಿಲೋದಷ್ಟು. ಟಯರು ನೆಲವನ್ನು ಒತ್ತುವುದೂ ಹೆಚ್ಚು ಕಡಿಮೆ ಇಷ್ಟೇ. ಆದುದರಿಂದ ಟಯರು ಹೂಳದ ನೆಲದಲ್ಲಿ ಜ್ಯಾಕೂ ಹೂಳದು ಎಂದು ತಿಳಿಯುವುದು ತಪ್ಪು. ಅದರ ಎರಡು ಪಟ್ಟಿಗೂ ಹೆಚ್ಚು ಒತ್ತಡ ಜ್ಯಾಕಿನ ತಳದಲ್ಲಿದೆ. ಮಳೆ ಬಿದ್ದ ಮಣ್ಣಿನಲ್ಲಿ ತಳದ ಒಂದು ಅಂಚು ಮೊದಲು ಇಳಿಯುತ್ತದೆ, ಜ್ಯಾಕು ವಾಲುತ್ತದೆ, ವಾಹನ ಉರುಳುತ್ತದೆ.

ಪರಿಹಾರ ಬಹಳ ಸುಲಭ. ಒಂದಡಿ ಉದ್ದ, ಒಂದಡಿ ಅಗಲದ ಹಲಗೆಯನ್ನು ಕೆಳಗಿಟ್ಟರೆ ವಿಸ್ತೀರ್ಣ 144 ಚದರ ಅಂಗುಲವಾಗಿ ಒತ್ತಡ 3 ಕಿಲೋಗೂ ಕೆಳಗಿಳಿಯುತ್ತದೆ. ಹಲಗೆ 2 ಅಂಗುಲಕ್ಕೆ ಕಡಿಮೆಯಿಲ್ಲದ ದಪ್ಪವಿರಲಿ. ಮತ್ತಿ, ಹೊನ್ನೆ, ಹಲಸಿನಂಥ ಗಟ್ಟಿ ಮರದ್ದಾಗಿರಲಿ. ಅಡಕೆ ದಬ್ಬೆ ಎಳೆಯುದ್ದಕ್ಕೂ ಸೀಳುವುದರಿಂದ ಈ ಕೆಲಸಕ್ಕೆ ಬಾರದು. ಜಂಬಿಟ್ಟಿಗೆ, ಇಟ್ಟಿಗೆ, ಸಿಮೆಂಟ್ ಬ್ಲಾಕು ಇವುಗಳನ್ನು ಜ್ಯಾಕಿನ ಕೆಳಗಾಗಲಿ ವಾಹನದ ಕೆಳಗಾಗಲಿ ಎಂದಿಗೂ ಇಡಕೂಡದು. ಮರ ಮುರಿಯುವ ಮುನ್ನ ಸಾಮಾನ್ಯವಾಗಿ ಸದ್ದು ಮಾಡುತ್ತದೆ. ಇವು ಯಾವ ಸೂಚನೆಯನ್ನೂ ಕೊಡದೆ ಒಡೆದು ಪುಡಿಯಾಗುತ್ತವೆ.

ಇಳಿಜಾರಿನಲ್ಲಿ ಪಂಕ್ಚರ್ ಆದರೆ ಅಲ್ಲೇ ಜ್ಯಾಕು ಕೊಡುವ ಬದಲು ಸಮತಟ್ಟಾದ ಜಾಗದವರೆಗೆ ನಿಧಾನವಾಗಿ ನಡೆಸಿಕೊಂಡು ಹೋಗುವುದು ಮೇಲು. ಟಯರು ಹಾಳಾಗಬಹುದು, ನಿಜ. ಹಾಳಾದ ಟಯರಿಗೆ ಬದಲಿ ಅಂಗಡಿಯಲ್ಲಿ ದೊರೆಯುತ್ತದೆ.

ಹ್ಯಾಂಡ್ ಬ್ರೇಕು ಯಾವಾಗ ಕೈಕೊಡುತ್ತದೆ

ಹ್ಯಾಂಡ್ ಬ್ರೇಕು ಎಳೆದು ಗೇರಿಗೆ ಹಾಕಿದರೆ ವಾಹನ ಅಲುಗದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಾಲ್ಕು ಚಕ್ರಗಳೂ ನೆಲದಲ್ಲಿರುವಾಗ ಇದು ಬಹುಮಟ್ಟಿಗೆ ಸರಿ. ಒಂದು ಚಕ್ರ ಎತ್ತಿದ ಕೂಡಲೇ ಲೆಕ್ಕ ಬದಲಾಗುತ್ತದೆ.

ಇದಕ್ಕೆ ಕಾರಣ ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಶಿಯಲ್. ಗೇರು ಹಾಕಿ ಎಂಜಿನ್ ನಿಲ್ಲಿಸಿದಾಗ ಎಂಜಿನ್ ಕಡೆಯಿಂದ ಬರುವ ಶಾಫ್ಟು ತಿರುಗದೆ ನಿಲ್ಲುತ್ತದೆ. ಆದರೂ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಲು ಡಿಫರೆನ್ಶಿಯಲ್ ಅಡ್ಡಿ ಮಾಡುವುದಿಲ್ಲ. ಎತ್ತಿದ ಚಕ್ರ ಗಾಳಿಯಲ್ಲಿ ಹಿಂದಕ್ಕೆ ತಿರುಗುತ್ತದೆ, ನೆಲದಲ್ಲಿರುವುದು ಮುಂದಕ್ಕೆ ಉರುಳುತ್ತದೆ, ಗಾಡಿ ಜ್ಯಾಕಿನಿಂದ ಕೆಳಗೆ ಬೀಳುತ್ತದೆ.

ಆದ್ದರಿಂದ ಹಿಂದಿನ ಚಕ್ರಗಳಿಂದ ನಡೆಯುವ ಓಮ್ನಿ, ಪಿಕಪ್ಪುಗಳಲ್ಲಿ ಹಿಂದಿನ ಒಂದು ಚಕ್ರ ಎತ್ತಿದರೆ ಗೇರಿನ ಹಿಡಿತ ಹೋಯಿತು. ಹ್ಯಾಂಡ್ ಬ್ರೇಕಿನ ಹಿಡಿತವೂ ನೆಲದಲ್ಲಿ ಉಳಿದ ಒಂದೇ ಚಕ್ರದ್ದು. ಮುಂದಿನ ಚಕ್ರಗಳಿಂದ ನಡೆಯುವ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರ ಎತ್ತಿದರೆ ಗೇರು ನಿರುಪಯೋಗಿ. ಹ್ಯಾಂಡ್ ಬ್ರೇಕು ಒಂದೇ ಆಧಾರ. ಇನ್ನು ವಿಲ್ಲೀಸ್ ಮಾದರಿಯ ಹಳೆಯ ಜೀಪುಗಳದ್ದು ಎಲ್ಲಕ್ಕಿಂತ ಅಪಾಯದ ಸ್ಥಿತಿ. ಅವುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿದೆ. ಅದು ಹಿಡಿಯುವುದು ಶಾಫ್ಟನ್ನು. ಹಿಂದಿನ ಒಂದು ಚಕ್ರ ಎತ್ತಿದರೆ ಗೇರೂ ಇಲ್ಲ, ಹ್ಯಾಂಡ್ ಬ್ರೇಕೂ ಇಲ್ಲ ಎಂಬಂತಾಗುತ್ತದೆ.

ಹೀಗಾಗಿ ಚಕ್ರಕ್ಕೆ ಅಡ್ಡಗಲ್ಲು ಅಥವಾ ಮರದ ಬೆಣೆ ಕೊಡುವುದು ಕಡ್ಡಾಯ. ಎತ್ತುವ ಚಕ್ರಕ್ಕೆ ಕರ್ಣರೇಖೆಯಲ್ಲಿ ಎದುರಾಗಿರುವ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಕೊಡಬೇಕು. ನೆಲ ಸ್ವಲ್ಪ ವಾಲಿದ್ದರೂ, ನೆಲದಲ್ಲಿ ಉಳಿಯುವ ಎಲ್ಲ ಚಕ್ರಗಳಿಗೂ ಇಳಿಜಾರಿನ ಕಡೆಯಿಂದ ಕೊಡತಕ್ಕದ್ದು. ಉರುಟು ಕಲ್ಲು ಚಕ್ರದೊಡನೆ ತಾನೂ ಉರುಳುತ್ತದೆ. ಆದುದರಿಂದ ತ್ರಿಕೋನವಾಗಿ ಕೊಯ್ದ ಎರಡು ಮರದ ಬೆಣೆಗಳನ್ನು ಗಾಡಿಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಜ್ಯಾಕು ಎಲ್ಲಿ ಕೊಡಬೇಕು

ಸಣ್ಣ ಕಾರುಗಳಲ್ಲಿ ಬಾಗಿಲ ಕೆಳಗಿನ ತಗಡಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಜ್ಯಾಕಿನ ಜಾಗವನ್ನು ಸಾಮಾನ್ಯವಾಗಿ ಎರಡು ಕಚ್ಚುಗಳಿಂದ ಗುರುತಿಸಿರುತ್ತಾರೆ. ಆ ಕಚ್ಚುಗಳ ನಡುವೆಯೇ ಜ್ಯಾಕಿನ ತಲೆ ಕೂರಬೇಕು. ಬೇರೆಡೆ ಕೊಟ್ಟರೆ ತಗಡು ಒಳಗೆ ಮಡಿಚಿಕೊಳ್ಳುತ್ತದೆ. ಜೀಪುಗಳಲ್ಲಿ ಆಕ್ಸಲ್ ಕೊಳವೆಯ ಕೆಳಗೆ, ಪಟ್ಟಿ ಸ್ಪ್ರಿಂಗಿನ ಹತ್ತಿರ ಕೊಡುವುದು ರೂಢಿ. ಎಂಜಿನ್ನಿನ ಎಣ್ಣೆ ತೊಟ್ಟಿ, ಸ್ಟಿಯರಿಂಗ್ ಸರಳು, ಇಂಧನದ ಟ್ಯಾಂಕು ಇವುಗಳ ಕೆಳಗೆ ಕೊಡಕೂಡದು. ಪ್ರತಿ ವಾಹನದ ಕೈಪಿಡಿಯಲ್ಲಿ ಈ ಜಾಗಗಳ ಚಿತ್ರವಿರುತ್ತದೆ, ಒಮ್ಮೆ ನೋಡಿಟ್ಟುಕೊಳ್ಳಬೇಕು.

ಚಕ್ರ ಬದಲಿಸುವ ಕ್ರಮ

1. ವಾಹನದಲ್ಲಿರುವವರನ್ನೆಲ್ಲ ಇಳಿಸಿ, ರಸ್ತೆಯಿಂದ ದೂರ, ಇಳಿಜಾರಿನ ಮೇಲ್ಬದಿಯಲ್ಲಿ ನಿಲ್ಲಿಸಬೇಕು. ಭಾರವನ್ನೂ ಇಳಿಸಬೇಕು. 50 ಕಿಲೋದ 20 ಚೀಲವೆಂದರೆ ಒಂದು ಟನ್ನು. ದ್ರಾವಣವಿರುವ ಡ್ರಮ್ಮು ಚೀಲಕ್ಕಿಂತ ಕೆಟ್ಟದ್ದು. ಗಾಡಿ ವಾಲಿದಾಗ ದ್ರಾವಣವೂ ಅತ್ತಲೇ ವಾಲುತ್ತದೆ.

2. ಹ್ಯಾಂಡ್ ಬ್ರೇಕು ಎಳೆದು, ಮೊದಲ ಗೇರಿಗೆ ಹಾಕಿ, ಚಕ್ರಗಳಿಗೆ ಬೆಣೆ ಕೊಡಬೇಕು. ಹೆದ್ದಾರಿಯಾದರೆ ಎಚ್ಚರಿಕೆಯ ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಬೇಕು.

3. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಪೂರ್ತಿ ತೆಗೆಯಕೂಡದು.

4. ಹಲಗೆಯ ಮೇಲೆ ಜ್ಯಾಕನ್ನು ನೆಟ್ಟಗೆ ನಿಲ್ಲಿಸಿ, ಸ್ವಲ್ಪ ಎತ್ತಿ, ವಾಲಿಲ್ಲವೆಂದು ನೋಡಿ, ಮುಂದುವರಿಸಬೇಕು. ಸ್ಟೆಪ್ನಿಯಲ್ಲಿ ಗಾಳಿ ಪೂರ್ತಿ ಇರುವುದರಿಂದ ಅದು ಹಿಡಿಸುವಷ್ಟು ಎತ್ತಿದರೆ ಸಾಕು. ಹೆಚ್ಚು ಎತ್ತಿದಷ್ಟೂ ಸ್ಥಿರತೆ ಕಡಿಮೆ.

5. ಸ್ಟೆಪ್ನಿಯನ್ನು ಜ್ಯಾಕಿನ ಪಕ್ಕ, ವಾಹನದ ಅಂಚಿನ ಕೆಳಗೆ ಮಲಗಿಸಬೇಕು. ಚಕ್ರ ಕಳಚಿದ ಮೇಲೆ ಅದನ್ನು ಆ ಜಾಗದಲ್ಲಿ ಮಲಗಿಸಿ ಸ್ಟೆಪ್ನಿಯನ್ನು ತೆಗೆದುಕೊಳ್ಳಬೇಕು. ಜ್ಯಾಕು ಜಾರಿದರೂ ವಾಹನ ಚಕ್ರದ ಮೇಲೆ ಕೂರುತ್ತದೆ.

6. ನಟ್ಟಿನ ಇಳಿಜಾರಾದ ಮುಖ ಚಕ್ರದ ಕಡೆಗಿರಲಿ. ಕೈಯಲ್ಲಿ ತಿರುಗಿಸಿ ಕೂರಿಸಿ, ಎದುರು ಬದುರಾಗಿ ಬಿಗಿಮಾಡಬೇಕು. ಸುತ್ತಲೂ ಸಾಲಾಗಿ ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ. ಕೊನೆಯ ಬಿಗಿತ ಚಕ್ರ ನೆಲಕ್ಕಿಳಿದ ಮೇಲೆ. ಸಣ್ಣ ಕಾರಿಗೆ ಒಂದಡಿ ಸ್ಪ್ಯಾನರಿನ ತುದಿಯಲ್ಲಿ 30 ಕಿಲೋದಷ್ಟು ಒತ್ತಿದರೆ ಸಾಕು. ಸ್ಪ್ಯಾನರಿನ ಮೇಲೆ ಹತ್ತಿ ಕುಣಿದರೆ ಬೋಲ್ಟಿನ ಸುತ್ತು ಸವೆಯುತ್ತದೆ.

7. 50 ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಬಿಗಿತ ನೋಡಬೇಕು.

8. ಹೊರಡುವ ಮುನ್ನ ರಸ್ತೆಗಿಟ್ಟ ಕಲ್ಲು, ಸೊಪ್ಪಿನ ಕೊಂಬೆಗಳನ್ನು ತೆಗೆದು ಬದಿಗೆ ಹಾಕತಕ್ಕದ್ದು. ಚಾರ್ಮಾಡಿ, ಶಿರಾಡಿಯಂಥ ಘಾಟಿಗಳಲ್ಲಿ ಮಂಜು ಕವಿದಾಗ ಹೀಗೆ ಬಿಟ್ಟುಹೋದ ಕಲ್ಲು ಬೈಕಿನವರ ಪ್ರಾಣಕ್ಕೆ ಎರವಾಗುತ್ತದೆ.

ಹೊಸಬರು ಸಿಕ್ಕಿಬೀಳುವ ಸಂದರ್ಭಗಳು

ಜ್ಯಾಕು ವಾಲತೊಡಗಿದರೆ: ವಾಹನವನ್ನು ಕೈಯಿಂದ ಹಿಡಿಯಲು ಅಥವಾ ತಳ್ಳಲು ಹೋಗಕೂಡದು. ವಾಲು ಈಗಷ್ಟೇ ಕಾಣಿಸಿದ್ದರೆ, ದೂರದಿಂದಲೇ ಹಿಡಿಕೆ ತಿರುಗಿಸಿ ಇಳಿಸಬೇಕು. ಹೆಚ್ಚಾಗಿದ್ದರೆ ದೂರ ಸರಿದು ಬೀಳಲು ಬಿಡಬೇಕು.

ಟಯರು ಪೂರ್ತಿ ಚಪ್ಪಟೆಯಾಗಿ ಜ್ಯಾಕು ಕೆಳಗೆ ಹಿಡಿಸದಿದ್ದರೆ: 2 ಅಂಗುಲದ ಹಲಗೆಯನ್ನು ಚಕ್ರದ ಮುಂದಿಟ್ಟು ವಾಹನವನ್ನು ಅದರ ಮೇಲೆ ಹತ್ತಿಸಿದರೆ ಜಾಗ ದೊರೆಯುತ್ತದೆ.

ಚಕ್ರ ಕಳಚಿರುವಾಗಲೇ ವಾಹನ ಬಿದ್ದು ಡ್ರಮ್ಮು ನೆಲಕ್ಕೆ ತಾಗಿದರೆ: ಬೆಣೆಗಳನ್ನು ಮತ್ತೆ ಭದ್ರಪಡಿಸಿ, ಜ್ಯಾಕಿನ ಜಾಗದ ಕೆಳಗೆ ಹಾರೆಯಿಂದ ಅಗೆದು, ಗುಂಡಿಯಲ್ಲಿ ಹಲಗೆ ಹಾಕಿ ಎತ್ತಬೇಕು. ಕೈಯನ್ನು ಗಾಡಿಯ ಕೆಳಗೆ ತೂರಿಸದೆ ಉದ್ದ ಹಿಡಿಯ ಹಾರೆಯಿಂದಲೇ ಅಗೆಯಬೇಕು.

ನಟ್ಟು ಬಿಡಿಸಿಕೊಳ್ಳದಿದ್ದರೆ: ಸೀಮೆಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದು, ಸ್ಪ್ಯಾನರಿಗೆ ಕೊಳವೆ ತೊಡಿಸಿ ತಿರುಗಿಸಬೇಕು. ಇದೂ ಚಕ್ರ ನೆಲದಲ್ಲಿರುವಾಗ ಮಾತ್ರ. ವಿಲ್ಲೀಸ್ ಮಾದರಿಯ ಹಳೆಯ ಜೀಪುಗಳಲ್ಲಿ ಎಡಬದಿಯ ಚಕ್ರಗಳ ನಟ್ಟುಗಳು ಎಡಸುತ್ತಿನವಾಗಿರಬಹುದು. ಅವನ್ನು ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಇದನ್ನರಿಯದೆ ಬೋಲ್ಟು ಮುರಿದವರುಂಟು.

ನಟ್ಟು ತೆಗೆದರೂ ಚಕ್ರ ತುಕ್ಕಿನಿಂದ ಅಂಟಿಕೊಂಡಿದ್ದರೆ: ಎತ್ತಿದ ವಾಹನದ ಚಕ್ರಕ್ಕೆ ಒದೆಯಕೂಡದು. ನಟ್ಟುಗಳನ್ನು ಮತ್ತೆ ಸಡಿಲವಾಗಿ ಹಾಕಿ, ಕೆಳಗಿಳಿಸಿ, ಬೆಣೆ ತೆಗೆದು, ವಾಹನವನ್ನು ಒಂದೆರಡು ಅಡಿ ಹಿಂದೆ ಮುಂದೆ ಅಲುಗಿಸಿದರೆ ಅಂಟು ಬಿಡುತ್ತದೆ. ಅನಂತರ ಬೆಣೆ ಕೊಟ್ಟು ಹೊಸದಾಗಿ ಎತ್ತಬೇಕು.

ಎಣ್ಣೆ ಜ್ಯಾಕು ತಾನಾಗಿ ಇಳಿಯುತ್ತಿದ್ದರೆ: ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ಒತ್ತುಯಂತ್ರದ ತತ್ತ್ವದಲ್ಲೇ ಈ ಜ್ಯಾಕೂ ನಡೆಯುತ್ತದೆ. ಸಣ್ಣ ಪಂಪಿನ ಒತ್ತಡ ದೊಡ್ಡ ಕೊಳವೆಯಲ್ಲಿ ಭಾರ ಎತ್ತುತ್ತದೆ. ಒಳಗಿನ ಸೀಲು ಸವೆದರೆ ಎಣ್ಣೆ ಹಿಂದಕ್ಕೆ ಸರಿದು ವಾಹನ ಸದ್ದಿಲ್ಲದೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಶೆಡ್ಡಿನಲ್ಲಿ ವಾಹನವನ್ನು ಅರ್ಧ ಗಂಟೆ ಎತ್ತಿಟ್ಟು, ಮೊದಲೂ ಕೊನೆಗೂ ಎತ್ತರ ಅಳೆದು ನೋಡಿದರೆ ಜ್ಯಾಕಿನ ಸ್ಥಿತಿ ತಿಳಿಯುತ್ತದೆ. ಇಳಿದಿದ್ದರೆ ದುರಸ್ತಿಗೆ ಕಳಿಸಬೇಕು.

ಕೆಳಗೆ ಹೋಗಲೇಬೇಕಾದಾಗ

ಸೈಲೆನ್ಸರ್ ಕಟ್ಟುವುದು, ಸ್ಪ್ರಿಂಗ್ ಪಟ್ಟಿ ನೋಡುವುದು ಇತ್ಯಾದಿಗೆ ಕೆಳಗೆ ಮಲಗಬೇಕಾದರೆ ಕಬ್ಬಿಣದ ಸ್ಟ್ಯಾಂಡು ಬೇಕೇ ಬೇಕು. ಗಟ್ಟಿ ನೆಲದಲ್ಲಿ, ಆಕ್ಸಲ್ ಅಥವಾ ಚಾಸಿಯ ಕೆಳಗೆ ಜೋಡಿ ಸ್ಟ್ಯಾಂಡು ಕೊಟ್ಟು, ಭಾರ ಪೂರ್ತಿ ಅವುಗಳ ಮೇಲೆ ಕೂರುವಂತೆ ಜ್ಯಾಕು ಇಳಿಸಬೇಕು. ಹೊರಗೆ ನಿಂತು ವಾಹನವನ್ನು ಬಲವಾಗಿ ಅಲುಗಿಸಿ ನೋಡಿ, ಕದಲದಿದ್ದರೆ ಮಾತ್ರ ಕೆಳಗೆ ಹೋಗಬಹುದು. ಒಬ್ಬರೇ ಇರುವಾಗ ಈ ಕೆಲಸ ಬೇಡ. ನಮ್ಮ ಎಷ್ಟೋ ತೋಟಗಳಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. 108ಕ್ಕೆ ಕರೆ ಮಾಡಲು ಗುಡ್ಡ ಹತ್ತಬೇಕು. ಜೊತೆಗೊಬ್ಬರಿದ್ದು ಇನ್ನೊಂದು ಜ್ಯಾಕು ಕೈಗೆ ಸಿಗುವಂತಿದ್ದರೆ ಸಿಕ್ಕಿಬಿದ್ದವನು ಬದುಕಿಯಾನು.

ಮಾಲೀಕರ ಹೊಣೆ

ನಮ್ಮ ತೋಟಗಳಲ್ಲಿ ಜ್ಯಾಕು ತಿರುಗಿಸುವವರು, ವಾಹನದ ಕೆಳಗೆ ಮಲಗುವವರು ಹೆಚ್ಚಾಗಿ ಮಾಲೀಕರಲ್ಲ. ಚಾಲಕ, ಇಲ್ಲವೇ ಜೊತೆಗೆ ಬಂದ ಕೆಲಸದ ಹುಡುಗ. ಹಲಗೆ ಇಲ್ಲ, ಸ್ಟ್ಯಾಂಡು ಇಲ್ಲ ಎಂದು ಹೇಳಿ ಕೆಲಸ ನಿಲ್ಲಿಸುವ ಧೈರ್ಯ ಅವರಿಗಿರುವುದಿಲ್ಲ. ಹೇಗಾದರೂ ಮಾಡಿ ಮುಗಿಸುತ್ತಾರೆ. ಆದುದರಿಂದ ಹಲಗೆ ಒಂದು, ಬೆಣೆ ಎರಡು, ಸುಸ್ಥಿತಿಯಲ್ಲಿರುವ ಜ್ಯಾಕು, ಸರಿಯಾದ ಸ್ಪ್ಯಾನರು ಇವುಗಳನ್ನು ವಾಹನದಲ್ಲಿ ಒದಗಿಸುವುದೂ, ಶೆಡ್ಡಿನಲ್ಲಿ ಒಂದು ಜೊತೆ ಸ್ಟ್ಯಾಂಡು ಇಡುವುದೂ ನಮ್ಮ ಕರ್ತವ್ಯ. ಹಲಗೆ ಬೆಣೆಗಳಿಗೆ ತೋಟದ ಮರ ಸಾಕು. ಸ್ಟ್ಯಾಂಡಿಗೆ ಒಂದಿಷ್ಟು ಹಣ ಹಿಡಿಯುತ್ತದೆ. ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಒಂದು ಜೊತೆ ಕೊಂಡಿಟ್ಟುಕೊಂಡರೂ ಆದೀತು. ಈ ವಾರವೇ ನಮ್ಮ ನಮ್ಮ ವಾಹನಗಳನ್ನು ತೆರೆದು, ಹೇಳಿದ ಸಾಮಾನುಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಪರೀಕ್ಷಿಸೋಣ. ಬಳಿಕ ಸಮತಟ್ಟಾದ ಕಣದಲ್ಲಿ ಚಾಲಕನನ್ನೂ ಮನೆಯ ಮಕ್ಕಳನ್ನೂ ನಿಲ್ಲಿಸಿಕೊಂಡು, ಒಮ್ಮೆ ಚಕ್ರ ಬಿಚ್ಚಿ ಹಾಕಿ ತೋರಿಸೋಣ.