ಮೊಬೈಲಿಗೆ ಬರುವ ಮೋಸದ ಫೈಲುಗಳು: ಗುರುತಿಸುವ ಬಗೆ ಮತ್ತು ಹತೋಟಿ

ಪೇಟೆ ಧಾರಣೆ, ಬೆಳೆ ವಿಮೆ, ಬ್ಯಾಂಕಿನ ಜಮೆ ಇವೆಲ್ಲವೂ ಇಂದು ರೈತರ ಮೊಬೈಲಿಗೇ ಬರುತ್ತವೆ. ಅದೇ ದಾರಿಯಲ್ಲಿ ಮೋಸದ ಫೈಲುಗಳೂ ಬರುತ್ತಿವೆ. ಪಿಎಂ ಕಿಸಾನ್ ಪಟ್ಟಿ, ವಾಹನದ ದಂಡದ ಚಲನ್, ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲಿ ವಾಟ್ಸ್‌ಆಪ್‌ನಲ್ಲಿ ಬಂದ ಇಂತಹ ಫೈಲನ್ನು ಒತ್ತಿ ಹಣ ಕಳೆದುಕೊಂಡವರಿದ್ದಾರೆ. ಆದುದರಿಂದ ಇವುಗಳನ್ನು ಗುರುತಿಸುವ ಬಗೆಯನ್ನು ರೈತ ಬಾಂಧವರು ತಿಳಿದಿರುವುದು ಅವಶ್ಯ.

ಹಿನ್ನೆಲೆ

ಈ ಉಪಾಯ ಹೊಸದಲ್ಲ. 2000ದ ಮೇ ತಿಂಗಳಲ್ಲಿ ಫಿಲಿಪೈನ್ಸ್‌ನಿಂದ ಹೊರಟ ‘ಐ ಲವ್ ಯು’ ಎಂಬ ಇ-ಮೇಲ್ ಹಲವು ದೇಶಗಳ ಕಂಪ್ಯೂಟರುಗಳನ್ನು ಕೆಡಿಸಿತು. ಅದಕ್ಕೆ ಲಗತ್ತಿಸಿದ್ದ ಫೈಲು ಪ್ರೇಮಪತ್ರದಂತೆ ಕಾಣುತ್ತಿತ್ತು. ಹೆಸರಿನ ತುದಿಯಲ್ಲಿದ್ದ ‘ವಿಬಿಎಸ್’ ಎಂಬ ಅಕ್ಷರಗಳು ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ತೆರೆದೊಡನೆ ಅದು ಚಿತ್ರಗಳನ್ನು ಅಳಿಸಿ, ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ತನ್ನ ಪ್ರತಿಯನ್ನು ತಾನೇ ಕಳುಹಿಸುತ್ತಿತ್ತು. ಪರಿಚಿತರಿಂದ ಬಂದಿದೆ ಎಂಬ ನಂಬಿಕೆಯಿಂದಲೇ ಅದು ಹರಡಿತು. ಇಂದಿನ ಮೋಸಕ್ಕೂ ಈ ನಂಬಿಕೆಯೇ ಆಧಾರ.

ಗುರುತಿಸುವ ಬಗೆ

ಫೈಲಿನ ಹೆಸರಿನಲ್ಲಿ ಕೊನೆಯ ಚುಕ್ಕೆಯ ಮುಂದಿರುವ ಇಂಗ್ಲಿಷ್ ಅಕ್ಷರಗಳನ್ನು ನೋಡಬೇಕು. ‘ಜೆಪಿಜಿ’ ಇದ್ದರೆ ಚಿತ್ರ, ‘ಪಿಡಿಎಫ್’ ಇದ್ದರೆ ಕಾಗದಪತ್ರ. ‘ಎಪಿಕೆ’ ಇದ್ದರೆ ಅದು ಪಟ್ಟಿಯೂ ಅಲ್ಲ, ಕರೆಯೋಲೆಯೂ ಅಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಅಳವಡಿಸುವ ಆಪ್. ಹೆಸರಿನ ನಡುವೆ ‘ಪಿಡಿಎಫ್’ ಎಂದಿದ್ದರೂ ಕೊನೆಯ ಅಕ್ಷರಗಳೇ ಲೆಕ್ಕಕ್ಕೆ ಬರುತ್ತವೆ. ಕಂಪ್ಯೂಟರಿಗೆ ಇ-ಮೇಲ್‌ನಲ್ಲಿ ಬರುವ ‘ಇಎಕ್ಸ್‌ಇ’, ‘ವಿಬಿಎಸ್’, ‘ಜೆಎಸ್’ ಫೈಲುಗಳೂ ಇದೇ ಜಾತಿಯವು.

ಹಾನಿಯಾಗುವ ರೀತಿ

ಇಂತಹ ಆಪ್ ಅಳವಡಿಸಿದಾಗ ಸಂದೇಶ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕು ಕಳುಹಿಸುವ ಓಟಿಪಿ ಕಳ್ಳನಿಗೂ ತಲಪುತ್ತದೆ. ಓಟಿಪಿಯನ್ನು ಬಾಯಿಬಿಟ್ಟು ಯಾರಿಗೂ ಹೇಳದಿದ್ದರೂ ಹಣ ಹೋಗುವುದು ಹೀಗೆ.

ಮುನ್ನೆಚ್ಚರಿಕೆ ಕ್ರಮಗಳು

1. ವಾಟ್ಸ್‌ಆಪ್‌ನಲ್ಲಿ ಬಂದ ಎಪಿಕೆ ಫೈಲನ್ನು, ಕಳುಹಿಸಿದವರು ಯಾರೇ ಆಗಿರಲಿ, ಅಳವಡಿಸಬಾರದು.
2. ಪರಿಚಿತರಿಂದ ಬಂದಿದ್ದರೆ ಅವರಿಗೆ ಕರೆ ಮಾಡಿ ವಿಚಾರಿಸಬೇಕು. ಅವರ ಫೋನೇ ಕಳ್ಳರ ವಶವಾಗಿರಬಹುದು.
3. ಆಪ್‌ಗಳನ್ನು ಪ್ಲೇ ಸ್ಟೋರಿನಿಂದಲೇ ಪಡೆಯಬೇಕು. ‘ಅಪರಿಚಿತ ಮೂಲ’ ಎಂಬ ಎಚ್ಚರಿಕೆ ಕಂಡರೆ ಅಲ್ಲಿಗೇ ನಿಲ್ಲಿಸಬೇಕು.
4. ಯೋಜನೆಗಳ ಬಗ್ಗೆ ಸಂದೇಹವಿದ್ದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬೇಕು.

ಅಳವಡಿಸಿಬಿಟ್ಟಿದ್ದರೆ

ಮೊದಲು ಫೋನಿನ ಡೇಟಾ ಮತ್ತು ವೈಫೈ ನಿಲ್ಲಿಸಿರಿ. ಬೇರೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ವ್ಯವಹಾರ ತಡೆಯಲು ತಿಳಿಸಿರಿ. ಹಣ ಹೋಗಿದ್ದರೆ ಕೂಡಲೇ 1930 ಸಂಖ್ಯೆಗೆ ದೂರು ಕೊಡಿರಿ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಬೇಗ ಸಾಗುವುದರಿಂದ ತಡವಾದಷ್ಟೂ ಅದನ್ನು ತಡೆಹಿಡಿಯುವುದು ಕಷ್ಟ. ಬಂದ ಸಂದೇಶವನ್ನು ಅಳಿಸದೆ ಪೊಲೀಸರಿಗೆ ತೋರಿಸಿರಿ. ನಿಮ್ಮ ಹೆಸರಿನಲ್ಲಿ ಫೈಲು ಬಂದರೆ ತೆರೆಯಬೇಡಿರೆಂದು ನೆಂಟರಿಗೂ ನೆರೆಹೊರೆಯವರಿಗೂ ತಿಳಿಸಿರಿ. ಪೊಲೀಸರಿಗೆ ತೋರಿಸಿದ ಮೇಲೆ, ತಿಳಿದವರ ನೆರವಿನಿಂದ ಆ ಆಪ್ ತೆಗೆಸಿ, ಫೋನನ್ನು ಪೂರ್ಣವಾಗಿ ರೀಸೆಟ್ ಮಾಡಿಸುವುದು ಲೇಸು.

ಮನೆಯಲ್ಲಿ ಫೋನು ಒಂದೇ ಇದ್ದರೂ ಮುಟ್ಟುವ ಕೈಗಳು ಹಲವು. ಆದುದರಿಂದ ಈ ವಿಷಯಗಳನ್ನು ಮಕ್ಕಳಿಗೂ ಹಿರಿಯರಿಗೂ ಓದಿ ಹೇಳಿರಿ.